ಮೂರು ಪೀಸ್, ಒಂದೇ ಟಬ್, ಮೂರು ಬಣ್ಣ: ಮನೆಯಲ್ಲಿ ಅಲ್ಯೂಮಿನಿಯಂ ಆನೋಡೈಸಿಂಗ್

ನಾಬ್_ಪ್ರಿಯ:
ಎಲ್ಲರಿಗೂ ನಮಸ್ಕಾರ. ಆಂಪ್ಲಿಫೈಯರ್ ಕಟ್ಟೋದು ನನ್ನ ಹವ್ಯಾಸ. ಅದಕ್ಕೆ ಬೇಕಾದ ವಾಲ್ಯೂಮ್ ನಾಬ್‌ಗಳನ್ನು 6061 (ಇದು ಒಂದು ಅಲ್ಯೂಮಿನಿಯಂ ಅಲಾಯ್, ಅಂದರೆ ಮಿಶ್ರಲೋಹ) ರಾಡ್‌ನಿಂದ ಲೇತ್‌ನಲ್ಲಿ ತಿರುಗಿಸಿಕೊಂಡಿದ್ದೇನೆ. ಪೇಂಟ್ ಬೇಡ, ಕಪ್ಪು ಆನೋಡೈಸಿಂಗ್ ಮಾಡೋಣ ಅಂತ ಹೊರಟೆ, ಅಂದರೆ ಆಸಿಡ್‌ನಲ್ಲಿ ಕರೆಂಟ್ ಹರಿಸಿ ಲೋಹದ ಮೇಲೆ ಪದರ ಬೆಳೆಸಿ ಅದಕ್ಕೆ ಬಣ್ಣ ಹಿಡಿಸೋದು.

ಬಳಸಿದ್ದು ಇಷ್ಟು: ಬ್ಯಾಟರಿ ಆಸಿಡ್ ಒಂದು ಭಾಗಕ್ಕೆ ಡಿಸ್ಟಿಲ್ಡ್ ವಾಟರ್ ಎರಡು ಭಾಗ. ಐದು ಲೀಟರ್ ಪ್ಲಾಸ್ಟಿಕ್ ಟಬ್. ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಶೀಟ್, ಅವು ಮೈನಸ್‌ಗೆ. ಪೀಸ್‌ಗಳು ಪ್ಲಸ್‌ಗೆ. 12 ವೋಲ್ಟ್ ಬ್ಯಾಟರಿ ಚಾರ್ಜರ್. 40 ನಿಮಿಷ ಬಿಟ್ಟೆ. ಆಮೇಲೆ ಬಟ್ಟೆಗೆ ಹಾಕುವ ಕಪ್ಪು ಡೈನಲ್ಲಿ ಅದ್ದಿದೆ.

ಮೂರು ಪೀಸ್ ಒಟ್ಟಿಗೇ ಹಾಕಿದ್ದೆ. ಮೊದಲನೇ ನಾಬ್ ಚೆನ್ನಾಗಿ ಬಂತು, ಒಳ್ಳೇ ಕಡುಗಪ್ಪು. ಎರಡನೇ ನಾಬ್, ಅದೇ ರಾಡ್‌ನದು, ಡೈಯಿಂದ ತೆಗೆದು ನೀರಲ್ಲಿ ಅಲ್ಲಾಡಿಸಿದರೆ ಬಣ್ಣವೆಲ್ಲ ಬಿಟ್ಟು ಮೊದಲಿನ ಹಾಗೆ ಬೆಳ್ಳಗೆ ಹೊಳೀತಿದೆ. ಮೂರನೆಯದು ಹಳೇ ಟ್ರೈಪಾಡ್‌ನಿಂದ ಬಿಚ್ಚಿದ ಬ್ರ್ಯಾಕೆಟ್. ಅದು ಕೊಳಕು ಬೂದು, ಅಲ್ಲಲ್ಲಿ ಮಚ್ಚೆ ಮಚ್ಚೆ. ಡೈ ಸರಿ ಇಲ್ವಾ? ಆನೋಡೈಸಿಂಗ್‌ಗೇ ಅಂತ ಬರುವ ಡೈ ತರಿಸಬೇಕಾ?

ಸುಮ್ನೆ_ಕೇಳಿದೆ:
ಸ್ಪ್ರೇ ಪೇಂಟ್ ಹೊಡೆದರೆ ಹತ್ತು ನಿಮಿಷದ ಕೆಲಸ ಅಲ್ವಾ ಸರ್? ಆಸಿಡ್ ಯಾಕೆ ಬೇಕಿತ್ತು?

ಲೇತ್_ಮಾವ:
ಪೇಂಟ್ ಮೇಲೆ ಕೂರುತ್ತದೆ, ಇದು ಲೋಹದಿಂದಲೇ ಬೆಳೆಯುತ್ತದೆ. ದಿನಾ ಬೆರಳು ತಾಗುವ ನಾಬ್‌ನಲ್ಲಿ ಪೇಂಟ್ ಅಂಚಿನಿಂದ ಎದ್ದು ಬರುತ್ತದೆ. ಆನೋಡೈಸ್ ಆದ ಪದರ ಹಾಗೆ ಸಿಪ್ಪೆ ಏಳುವುದಿಲ್ಲ. ಆದರೆ ಒಂದು ಮಾತು: ಗೀರು, ಟೂಲ್ ಗುರುತು, ಡೆಂಟ್ ಯಾವುದನ್ನೂ ಅದು ಮುಚ್ಚಲ್ಲ. ಕಪ್ಪು ಹಾಕಿದ ಮೇಲೆ ಇನ್ನೂ ಚೆನ್ನಾಗಿ ಕಾಣಿಸುತ್ತದೆ.

ಮಿಲಿಆಂಪ್:
ನಾಬ್_ಪ್ರಿಯ ಅವರೇ, ಡೈ ಬಗ್ಗೆ ಆಮೇಲೆ ನೋಡೋಣ. ಮೊದಲನೇ ನಾಬ್ ಕಪ್ಪಾಗಿದೆ ಅಂದರೆ ಡೈ ಕೆಲಸ ಮಾಡಿದೆ. ಮೂರು ಪ್ರಶ್ನೆ ಇವೆ.

ಪೀಸ್‌ಗಳನ್ನು ಯಾವ ವೈರ್‌ಗೆ, ಹೇಗೆ ಕಟ್ಟಿದ್ರಿ? ಚಾರ್ಜರ್‌ನ ಕ್ಲಿಪ್ ಆಸಿಡ್‌ಗೆ ತಾಗಿತ್ತಾ? ಮಲ್ಟಿಮೀಟರ್ ಇದ್ದರೆ ಬೀಪ್ ಮೋಡ್‌ಗೆ ಹಾಕಿ, ಎರಡೂ ಮುಳ್ಳನ್ನು ಪೀಸ್ ಮೇಲೆ ಮೆಲ್ಲಗೆ ಇಟ್ಟು ನೋಡಿ. ಚುಚ್ಚಬೇಡಿ, ಸುಮ್ನೆ ತಾಗಿಸಿ. ಮೂರರಲ್ಲಿ ಯಾವುದು ಬೀಪ್ ಅನ್ನುತ್ತೆ ಹೇಳಿ.

ನಾಬ್_ಪ್ರಿಯ:
ನೋಡಿದೆ. ಕಪ್ಪು ನಾಬ್ ಬೀಪ್ ಇಲ್ಲ. ಬ್ರ್ಯಾಕೆಟ್‌ನಲ್ಲೂ ಇಲ್ಲ. ಬೆಳ್ಳಗಿರುವ ನಾಬ್ ಮಾತ್ರ ಎಲ್ಲಿ ಇಟ್ಟರೂ ಬೀಪ್.

ವೈರ್ ಅಲ್ಯೂಮಿನಿಯಂದೇ. ಕಪ್ಪಾದ ನಾಬ್‌ನ ಶಾಫ್ಟ್ ತೂತಿಗೆ ವೈರ್ ಮಡಚಿ ಬಿಗಿಯಾಗಿ ತುರುಕಿದ್ದೆ. ಇನ್ನೊಂದನ್ನು ವೈರ್‌ನ ಕೊಕ್ಕೆಗೆ ನೇತುಹಾಕಿದ್ದೆ. ಬ್ರ್ಯಾಕೆಟ್‌ಗೆ ವೈರ್ ಸಿಗಲಿಲ್ಲ ಅಂತ ಚಾರ್ಜರ್‌ನ ಕ್ಲಿಪ್ಪನ್ನೇ ಕಚ್ಚಿಸಿದೆ. ಕ್ಲಿಪ್‌ನ ಬಾಯಿ ಸ್ವಲ್ಪ ಮುಳುಗಿತ್ತು.

ಮಿಲಿಆಂಪ್:
ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಆನೋಡೈಸ್ ಆದ ಪದರ ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ಒಳ್ಳೇ ಪೀಸ್ ಬೀಪ್ ಅನ್ನಲ್ಲ. ಬೆಳ್ಳಗಿರುವ ನಾಬ್‌ನಲ್ಲಿ ಪದರವೇ ಬೆಳೆದಿಲ್ಲ. ಕೊಕ್ಕೆಗೆ ನೇತುಹಾಕಿದಾಗ ವೈರ್ ಪೀಸಿಗೆ ತಾಗುವುದು ಒಂದು ಸಾಸಿವೆಯಷ್ಟು ಜಾಗದಲ್ಲಿ. ಕರೆಂಟ್ ಶುರುವಾದ ಕೂಡಲೇ ವೈರ್ ಮೇಲೂ ಆಕ್ಸೈಡ್ ಬೆಳೆಯಲು ತೊಡಗುತ್ತದೆ, ವೈರ್ ಕೂಡ ಅಲ್ಯೂಮಿನಿಯಂ ತಾನೇ. ಗಾಳಿಯ ಗುಳ್ಳೆಗೋ ಕೈ ತಾಗಿಯೋ ಪೀಸ್ ಕೂದಲೆಳೆಯಷ್ಟು ಅಲ್ಲಾಡಿದರೆ ಸಾಕು, ತಾಗುತ್ತಿದ್ದ ಜಾಗಕ್ಕೆ ಆಸಿಡ್ ನುಗ್ಗುತ್ತದೆ, ಅಲ್ಲೂ ಆಕ್ಸೈಡ್ ಬೆಳೆಯುತ್ತದೆ. ಅಲ್ಲಿಗೆ ಸಂಪರ್ಕ ಮುಗೀತು. ಚಾರ್ಜರ್ ಓಡುತ್ತಿರುತ್ತದೆ, ಪಕ್ಕದ ಪೀಸ್‌ನಿಂದ ಗುಳ್ಳೆ ಏಳುತ್ತಿರುತ್ತದೆ, ನೀವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ.

ಆದ್ದರಿಂದ ವೈರ್ ಸ್ಪ್ರಿಂಗ್ ಥರ ಒತ್ತಿ ಹಿಡಿಯಬೇಕು. ತೂತಿದ್ದರೆ ತುರುಕಿ. ತೂತಿನಲ್ಲಿ ಸ್ಕ್ರೂ ದಾರ (ಥ್ರೆಡ್) ಇದ್ದರೆ ಅಲ್ಯೂಮಿನಿಯಂ ಸ್ಕ್ರೂ ಹಾಕಿ ಬಿಗಿ ಮಾಡಿ. ವೈರ್ ಹಿಡಿದು ಅಲ್ಲಾಡಿಸಿದರೆ ಪೀಸ್ ಕೂಡ ಅದರ ಜೊತೆಗೇ ಬರಬೇಕು, ತೂಗಾಡಬಾರದು. ಒಮ್ಮೆ ಬಳಸಿದ ವೈರನ್ನು ಮತ್ತೆ ಬಳಸುವ ಮೊದಲು ಕಾಸ್ಟಿಕ್ ಸೋಡಾದ ನೀರಲ್ಲಿ ಅದ್ದಿ ಅಥವಾ ಅರ ಹಾಕಿ ಹಳೇ ಪದರ ತೆಗೆಯಲೇಬೇಕು. ತೂತಿನ ಒಳಗೆ ವೈರ್ ತಾಗಿದ ಕಡೆ ಪುಟ್ಟ ಬಿಳಿ ಚುಕ್ಕೆ ಉಳಿಯುತ್ತದೆ, ಅದನ್ನು ತಪ್ಪಿಸೋಕೆ ಆಗಲ್ಲ. ಕಾಣದ ಜಾಗ ಆರಿಸಿ, ಅಷ್ಟೇ.

ಇನ್ನು ಕ್ಲಿಪ್. ಸ್ಟೀಲ್ ಆಗಲಿ ತಾಮ್ರ ಆಗಲಿ, ಪ್ಲಸ್ ಕಡೆ ಆಸಿಡ್‌ನೊಳಗೆ ಹೋಗಲೇಬಾರದು. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ತಡೆ ಬೆಳೆಸಿಕೊಳ್ಳುತ್ತದೆ. ಸ್ಟೀಲ್, ತಾಮ್ರ ಹಾಗೆ ಮಾಡಲ್ಲ. ಕರೆಂಟ್ ಸುಲಭದ ದಾರಿ ಹಿಡಿದು ಕ್ಲಿಪ್‌ನಿಂದಲೇ ಹೋಗಿಬಿಡುತ್ತದೆ, ಪೀಸಿಗೆ ಸಿಗೋದು ಉಳಿದದ್ದು. ತಾಮ್ರವಾದರೆ ಕರಗಿ ಆಸಿಡ್ ನೀಲಿಯಾಗುತ್ತದೆ. ಆಸಿಡ್‌ಗೆ ಇಳಿಯಬಹುದಾದ್ದು ಎರಡೇ: ಅಲ್ಯೂಮಿನಿಯಂ ಅಥವಾ ಟೈಟಾನಿಯಂ.

ಲೇತ್_ಮಾವ:
ಬ್ರ್ಯಾಕೆಟ್‌ದು ಬೇರೆ ಕಥೆ ಅನ್ನಿಸುತ್ತದೆ. ಅದರ ಅಂಚಿನಲ್ಲಿ ತೆಳುವಾದ ಏಣು, ಅಂದರೆ ಅಚ್ಚಿನ ಎರಡು ಭಾಗ ಸೇರಿದ ಗೆರೆ ಇದೆಯಾ? ಹಿಂದೆ ದುಂಡಗಿನ ಪುಟ್ಟ ಗುರುತುಗಳಿವೆಯಾ? ಇದ್ದರೆ ಅದು ಡೈಕಾಸ್ಟ್, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ತುಂಬಿ ಮಾಡಿದ್ದು. ಏನೇ ಮಾಡಿದರೂ ಕಪ್ಪು ಚೆನ್ನಾಗಿ ಬರಲ್ಲ.

ನಾಬ್_ಪ್ರಿಯ:
ಇದೆ ಸರ್, ಎರಡೂ ಇವೆ.

ಲೇತ್_ಮಾವ:
ಹಾಗಾದರೆ ಅದನ್ನು ಪಕ್ಕಕ್ಕಿಡಿ. ಅಚ್ಚಿನೊಳಗೆ ಸಲೀಸಾಗಿ ಹರಿಯಲಿ ಅಂತ ಡೈಕಾಸ್ಟ್ ಅಲ್ಯೂಮಿನಿಯಂಗೆ ಸಿಲಿಕಾನ್ ಜಾಸ್ತಿ ಹಾಕುತ್ತಾರೆ. ಎ380 ಅಂತ ಒಂದು ಮಾಮೂಲಿ ಡೈಕಾಸ್ಟ್ ಲೋಹ ಬರುತ್ತದೆ, ಅದರಲ್ಲಿ ಸಿಲಿಕಾನ್ ಶೇಕಡಾ 8ರ ಆಸುಪಾಸು, ಜೊತೆಗೆ ತಾಮ್ರ ಶೇಕಡಾ 3ರ ಮೇಲೆ. ಸಿಲಿಕಾನ್ ಕಣ ಆನೋಡೈಸ್ ಆಗಲ್ಲ. ಹಾಗೇ ಪದರದೊಳಗೆ ಸಿಕ್ಕಿಕೊಂಡು ಬೂದು ಬಣ್ಣ ಕೊಡುತ್ತದೆ.

6061, 6063 ಎರಡೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. 5052 ಶೀಟ್ ಕೂಡ ಒಳ್ಳೆಯದು. 7075 ಆಗುತ್ತದೆ, ಬಣ್ಣದ ಛಾಯೆ ಸ್ವಲ್ಪ ಬದಲಾಗುತ್ತದೆ. 2024ರಲ್ಲಿ ತಾಮ್ರ ಶೇಕಡಾ 4ರ ಹತ್ತಿರ, ಅದಕ್ಕೇ ತಲೆನೋವು. ಗುಜರಿಯಿಂದ ತಂದ ಯಾವುದೋ ತುಂಡಿಗೆ ಕೈ ಹಾಕುವ ಮೊದಲು ಅದರ ಒಂದು ಚೂರನ್ನು ಮಾತ್ರ ಹಾಕಿ ನೋಡಿ. ಎರಡು ಬೇರೆ ಬೇರೆ ಅಲಾಯ್ ಒಂದೇ ಟಬ್‌ನಲ್ಲಿ ಹಾಕಿದರೆ ಬಣ್ಣ ಹೊಂದಲ್ಲ. ಜೋಡಿ ಬೇಕಿದ್ದರೆ ಒಂದೇ ರಾಡ್‌ನಿಂದ ಮಾಡಿ, ಒಂದೇ ಸಲ ಹಾಕಿ.

ಸುಮ್ನೆ_ಕೇಳಿದೆ:
ಕೇಳ್ತಾ ಕೇಳ್ತಾ ಆಸೆ ಆಗ್ತಿದೆ. ಬಣ್ಣ ಲೋಹದ ಒಳಗೆ ಹೋಗೋದು ಹೇಗೆ? ಮೇಲೆ ಅಂಟಿಕೊಳ್ಳೋದಾ?

ರಸಾಯನ_ರಾಣಿ:
ಪ್ಲಸ್‌ನಲ್ಲಿರುವ ಅಲ್ಯೂಮಿನಿಯಂ ನೀರಿನಿಂದ ಆಕ್ಸಿಜನ್ ಕಿತ್ತುಕೊಂಡು ಆಕ್ಸೈಡ್ ಆಗುತ್ತದೆ. ಅದೇ ಹೊತ್ತಿಗೆ ಸಲ್ಫ್ಯೂರಿಕ್ ಆಸಿಡ್ ಆ ಆಕ್ಸೈಡನ್ನು ಅಲ್ಲಲ್ಲಿ ಕರಗಿಸುತ್ತದೆ. ಬೆಳೆಯುವುದು, ಕರಗುವುದು ಎರಡೂ ಒಟ್ಟೊಟ್ಟಿಗೆ ನಡೆದು ಪದರದ ತುಂಬ ಉದ್ದುದ್ದ ರಂಧ್ರಗಳಾಗುತ್ತವೆ. ಒಂದೊಂದರ ಅಗಲ 10ರಿಂದ 20 ನ್ಯಾನೋಮೀಟರ್. ಒಂದು ಚದರ ಸೆಂಟಿಮೀಟರ್‌ನಲ್ಲಿ ಸಾವಿರಾರು ಕೋಟಿ ಇರುತ್ತವೆ. ಡೈ ಹೋಗಿ ಕೂರುವುದು ಈ ರಂಧ್ರಗಳಲ್ಲಿ.

ಕೊನೆಗೆ ಕುದಿಯುವ ನೀರಲ್ಲಿ ಹಾಕುತ್ತಾರಲ್ಲ, ಆಗ ಆಕ್ಸೈಡ್ ನೀರು ಹೀರಿ ಬೋಮೈಟ್ ಅನ್ನುವ ರೂಪಕ್ಕೆ ತಿರುಗುತ್ತದೆ. ಅದು ಉಬ್ಬುವುದರಿಂದ ರಂಧ್ರದ ಬಾಯಿ ಮುಚ್ಚಿಹೋಗುತ್ತದೆ, ಬಣ್ಣ ಒಳಗೇ ಬಂದಿ. ಇದೇ ಸೀಲಿಂಗ್.

ಹಾಗಾಗಿ ಪದರ ತೆಳುವಾಗಿದ್ದರೆ ರಂಧ್ರ ಆಳ ಇರಲ್ಲ, ಡೈ ಹಿಡಿಸುವುದೂ ಕಡಿಮೆ. ತಿಳಿ ಬಣ್ಣಕ್ಕೆ 8-10 ಮೈಕ್ರಾನ್ ಸಾಕು (1 ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕಪ್ಪಿಗೆ 15 ಮೈಕ್ರಾನ್‌ಗಿಂತ ಕಡಿಮೆ ಆದರೆ ನೇರಳೆಯೋ ಕಂದೋ ಕಾಣುತ್ತದೆ.

ಇದು ಹೊಸ ವಿದ್ಯೆ ಏನಲ್ಲ. 1923ರಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ಡ್ಯೂರಾಲುಮಿನ್ (ತಾಮ್ರ ಸೇರಿದ ಅಲ್ಯೂಮಿನಿಯಂ ಅಲಾಯ್) ಭಾಗಗಳು ಉಪ್ಪುನೀರಿಗೆ ತಿಂದುಹೋಗದಿರಲಿ ಅಂತ ಬೆಂಗೋ ಮತ್ತು ಸ್ಟೂವರ್ಟ್ ಕ್ರೋಮಿಕ್ ಆಸಿಡ್‌ನ ವಿಧಾನ ತಂದರು. ಸಲ್ಫ್ಯೂರಿಕ್ ಆಸಿಡ್ ವಿಧಾನಕ್ಕೆ ಗವರ್ ಮತ್ತು ಓಬ್ರಿಯೆನ್ 1927ರಲ್ಲಿ ಪೇಟೆಂಟ್ ಪಡೆದರು. ಕ್ರೋಮಿಕ್ ಆಸಿಡ್ ಹೆಸರು ಓದಿ ಯಾರೂ ಅದರ ಹಿಂದೆ ಹೋಗಬೇಡಿ. ಅದು ಕ್ಯಾನ್ಸರ್ ತರುವ ವಸ್ತು, ಮನೆಯೊಳಗೆ ಅದಕ್ಕೆ ಜಾಗವೇ ಇಲ್ಲ.

ಪುಡಿ_ಪಂಡಿತ:
ಸಲ್ಫ್ಯೂರಿಕ್ ಕೂಡ ಯಾಕೆ ಬೇಕು? ಸೋಡಿಯಂ ಬೈಸಲ್ಫೇಟ್ ಅಂತ ಪುಡಿ ಬರುತ್ತದೆ. ಈಜುಕೊಳದ ನೀರಿನ ಪಿಎಚ್ ಇಳಿಸಲು ಹಾಕುತ್ತಾರಲ್ಲ, ಅದೇ. ನೀರಲ್ಲಿ ಕರಗಿಸಿದರೆ ಆಯ್ತು. ನಾನು ಅದರಲ್ಲೇ ಮಾಡೋದು. ಪದರ ಬರುತ್ತೆ, ಡೈಯೂ ಹಿಡಿಯುತ್ತೆ. ಚೆಲ್ಲಿದರೆ ನೆಲ ಸುಡಲ್ಲ, ಪುಡಿಯಾಗಿ ಇಟ್ಟುಕೊಳ್ಳಬಹುದು.

ಮಿಲಿಆಂಪ್:
ಪದರ ಬರುತ್ತೆ, ಒಪ್ಪಿದೆ. ಆದರೆ ಆಸಿಡ್‌ಗೆ ಇರುವ ಲೆಕ್ಕಗಳು ಅದಕ್ಕೆ ಹಾಗೇ ಕೂರಲ್ಲ. ಎಷ್ಟು ಕರಗಿಸಿದಿರಿ, ಎಷ್ಟು ಬಿಸಿ ಅನ್ನುವುದರ ಮೇಲೆ ವೋಲ್ಟೇಜ್ ಜಾಸ್ತಿ ಬೇಕಾಗುತ್ತದೆ. ಒಂದೇ ಥರ ಫಲಿತಾಂಶ ಮತ್ತೆ ಮತ್ತೆ ಬೇಕು ಅನ್ನುವವರಿಗೆ ಸಲ್ಫ್ಯೂರಿಕ್ಕೇ ಸರಿ.

ಪುಡಿ_ಪಂಡಿತ:
ಮನೆಯಲ್ಲಿ ಮಕ್ಕಳಿರುವವರಿಗೆ "ಒಂದೇ ಥರ ಫಲಿತಾಂಶ" ಮುಖ್ಯ ಅಲ್ಲ ಸ್ವಾಮಿ.

ರಸಾಯನ_ರಾಣಿ:
ಇಬ್ಬರೂ ಸ್ವಲ್ಪ ತಡೆಯಿರಿ. ಮಕ್ಕಳ ಮಾತು ಬಂದಿದ್ದರಿಂದ ಹೇಳಬೇಕು. ಬೈಸಲ್ಫೇಟ್ ಕರಗಿಸಿದ ನೀರೂ ಆಸಿಡ್ಡೇ. ಅದರ ಪಿಎಚ್ 1ರ ಹತ್ತಿರ ಇರುತ್ತದೆ. ಕಣ್ಣಿಗೆ ಸಿಡಿದರೆ ಪುಡಿಯಿಂದ ಬಂದದ್ದು ಅಂತ ಅದೇನೂ ರಿಯಾಯಿತಿ ಕೊಡಲ್ಲ. ಸಾಗಿಸಲು, ಇಟ್ಟುಕೊಳ್ಳಲು ಸುಲಭ ಅನ್ನುವುದು ಮಾತ್ರ ನಿಜ.

ಯಾವುದೇ ಬಳಸಿ, ಇವು ಬಿಡುವಂತಿಲ್ಲ. ಪಕ್ಕದಿಂದಲೂ ಮುಚ್ಚುವ ಕನ್ನಡಕ. ಆಸಿಡ್ ತಡೆಯುವ ಗ್ಲೌಸ್. ಹತ್ತಿರದಲ್ಲೇ ಹರಿಯುವ ನೀರು, ಚೆಲ್ಲಿದ ಆಸಿಡ್‌ಗೆ ಸುರಿಯಲು ಅಡುಗೆ ಸೋಡಾ. ಮೈಗೆ ಬಿದ್ದರೆ ಮೊದಲು ನೀರು, ಧಾರಾಳವಾಗಿ, ಸೋಡಾ ಹುಡುಕುತ್ತಾ ಕೂರಬೇಡಿ. ಕಣ್ಣಿಗೆ ಬಿದ್ದರೆ ಕನಿಷ್ಠ ಕಾಲು ಗಂಟೆ ನೀರು ಹರಿಸಿ, ಆಮೇಲೆ ಡಾಕ್ಟರ ಹತ್ತಿರ ಓಡಿ. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ನಿಧಾನವಾಗಿ ಸುರಿಯಬೇಕು. ಆಸಿಡ್‌ಗೆ ನೀರು ಸುರಿದರೆ ಅಲ್ಲೇ ಕುದಿದು ಮುಖಕ್ಕೆ ಎಗರುತ್ತದೆ.

ಮೈನಸ್ ಶೀಟಿನಿಂದ ಏಳುವ ಗುಳ್ಳೆ ಹೈಡ್ರೋಜನ್. 10 ಆಂಪಿಯರ್‌ಗೆ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ಬರುತ್ತದೆ. ತೆರೆದ ಜಾಗದಲ್ಲಿ ಮೇಲೆ ಹೋಗಿಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು. ಆದ್ದರಿಂದ ಕ್ಲಿಪ್ ಹಾಕುವುದು, ತೆಗೆಯುವುದು ಎಲ್ಲ ಸಪ್ಲೈ ಆಫ್ ಮಾಡಿದ ಮೇಲೆ. ಗುಳ್ಳೆ ಒಡೆಯುವಾಗ ಸಣ್ಣ ಆಸಿಡ್ ಮಂಜೂ ಹಾರುತ್ತದೆ. ಅದು ಗಂಟಲು ಕೆರೆಯುತ್ತದೆ, ಸುತ್ತಲಿನ ಕಬ್ಬಿಣದ ಸಾಮಾನು ತುಕ್ಕು ಹಿಡಿಯುತ್ತದೆ. ಲೇತ್ ಇರುವ ಕೋಣೆಯಲ್ಲಿ ಮಾತ್ರ ಬೇಡ.

ಲೇತ್_ಮಾವ:
ಕೊನೇ ವಾಕ್ಯಕ್ಕೆ ನನ್ನ ಓಟು.

ನಾಬ್_ಪ್ರಿಯ:
ಅರ್ಥ ಆಯ್ತು ಮೇಡಂ, ಹಿತ್ತಲಲ್ಲೇ ಮಾಡುತ್ತೇನೆ. ಮಿಲಿಆಂಪ್ ಸರ್, ಕರೆಂಟ್ ಎಷ್ಟು, ಎಷ್ಟು ಹೊತ್ತು ಅಂತ ಲೆಕ್ಕ ಹಾಕೋದು ಹೇಗೆ? 40 ನಿಮಿಷ ಅಂತ ನಾನು ಅಂದಾಜಿಗೆ ಇಟ್ಟದ್ದು.

ಮಿಲಿಆಂಪ್:
ಮೇಲ್ಮೈ ಎಷ್ಟಿದೆ ಅನ್ನುವುದರಿಂದ ಶುರು ಮಾಡಿ. ಲೆಕ್ಕವೆಲ್ಲ ಚದರ ಡೆಸಿಮೀಟರ್‌ನಲ್ಲಿ, ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ಮುಖ. ಮಾಮೂಲಿ ಆನೋಡೈಸಿಂಗ್‌ಗೆ ಚದರ ಡೆಸಿಮೀಟರ್‌ಗೆ 1ರಿಂದ 1.5 ಆಂಪಿಯರ್.

ನಿಮ್ಮ ನಾಬ್ 30 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ಎತ್ತರ ಅಂತ ಇಟ್ಟುಕೊಳ್ಳೋಣ. ಸುತ್ತಲಿನ ಗೋಡೆ ಸುಮಾರು 19 ಚದರ ಸೆಂಟಿಮೀಟರ್, ಮೇಲಿನ ಕೆಳಗಿನ ಮುಖ ಸೇರಿ 14. ಒಟ್ಟು 33, ಅಂದರೆ 0.33 ಚದರ ಡೆಸಿಮೀಟರ್. ಅದಕ್ಕೆ ಬೇಕಾದ್ದು ಬರೀ ಅರ್ಧ ಆಂಪಿಯರ್. ನಾಲ್ಕು ನಾಬ್ ಒಟ್ಟಿಗೆ ಹಾಕಿದರೆ 2 ಆಂಪಿಯರ್. ಮುಳುಗಿದ ವೈರ್‌ಗೂ ಸ್ವಲ್ಪ ಸೇರಿಸಿ.

ದಪ್ಪಕ್ಕೆ ಒಂದು ಹಳೇ ಲೆಕ್ಕ ಇದೆ. ಹೊರದೇಶದವರು ಅದನ್ನು 720ರ ನಿಯಮ ಅನ್ನುತ್ತಾರೆ, ಅಡಿ ಇಂಚಿನ ಲೆಕ್ಕ ಅದು. ನಮ್ಮ ಅಳತೆಗೆ ತಂದರೆ ಚದರ ಡೆಸಿಮೀಟರ್‌ಗೆ 3 ಆಂಪಿಯರ್-ನಿಮಿಷಕ್ಕೆ (ಆಂಪಿಯರನ್ನು ನಿಮಿಷದಿಂದ ಗುಣಿಸಿದ್ದು) 1 ಮೈಕ್ರಾನ್. 1.5 ಆಂಪಿಯರ್ ಕೊಟ್ಟರೆ ನಿಮಿಷಕ್ಕೆ ಅರ್ಧ ಮೈಕ್ರಾನ್ ಬೆಳೆಯುತ್ತದೆ. 30 ನಿಮಿಷಕ್ಕೆ 15, 40 ನಿಮಿಷಕ್ಕೆ 20. ನಿಮ್ಮ ಅಂದಾಜು ಕೆಟ್ಟದ್ದೇನಲ್ಲ, ಆದರೆ ಕರೆಂಟ್ ಅಷ್ಟು ಸಿಕ್ಕಿತ್ತಾ ಅನ್ನೋದು ಯಾರಿಗೆ ಗೊತ್ತು? ಅದಕ್ಕೇ ಕರೆಂಟನ್ನು ಹಿಡಿದಿಡುವ ಬೆಂಚ್ ಪವರ್ ಸಪ್ಲೈ ಇದ್ದರೆ ಒಳ್ಳೆಯದು. ಆಂಪಿಯರ್ ಸೆಟ್ ಮಾಡಿ, ವೋಲ್ಟೇಜ್ ತನ್ನಷ್ಟಕ್ಕೆ 12ರಿಂದ 18ರ ನಡುವೆ ಎಲ್ಲೋ ನಿಲ್ಲುತ್ತದೆ. ವೋಲ್ಟೇಜ್ ಒಮ್ಮೆಗೇ ಮೇಲಕ್ಕೆ ಹಾರಿತಾ? ಯಾವುದೋ ಪೀಸಿನ ಸಂಪರ್ಕ ಬಿಟ್ಟಿದೆ ಅಂತ ಅರ್ಥ. ಚಾರ್ಜರ್‌ನಲ್ಲಿ ಈ ಸುಳಿವು ಸಿಗಲ್ಲ.

ತಿರುಪು:
ಚಾರ್ಜರ್‌ನಲ್ಲೂ ಚೆನ್ನಾಗೇ ಬರುತ್ತೆ ಸರ್. ಒಂದು ಆಂಪಿಯರ್ ಮೀಟರ್ ಸೇರಿಸಿಕೊಂಡರೆ ಸಾಕು. ವೋಲ್ಟೇಜ್ ಸ್ಥಿರ ಇದ್ದಾಗ ಕರೆಂಟ್ ಮೊದಲು ಏರಿ, ಪದರ ಬೆಳೆದಂತೆ ಇಳಿಯುತ್ತಾ ಬರುತ್ತದೆ. ಅದೇ ಸೂಚನೆ. ಎಲ್ಲರೂ ದುಡ್ಡು ಹಾಕಿ ಬೆಂಚ್ ಸಪ್ಲೈ ತರಬೇಕು ಅನ್ನೋದು ಜಾಸ್ತಿ ಆಯ್ತು. ಒಂದು ಮಾತ್ರ ನೋಡಿಕೊಳ್ಳಿ, ಈಗಿನ ಸ್ಮಾರ್ಟ್ ಚಾರ್ಜರ್ ಆದರೆ ಎದುರಿಗೆ ಬ್ಯಾಟರಿ ಇಲ್ಲ ಅಂತ ಗೊತ್ತಾಗಿ ಶುರುವೇ ಆಗಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಥರದ್ದು ಬೇಕು.

ಮಿಲಿಆಂಪ್:
ಮೀಟರ್ ಇದ್ದರೆ ಸರಿ, ಜಗಳ ಇಲ್ಲ.

ಬಿಸಿಯ ವಿಷಯ ಬಿಟ್ಟುಹೋಯಿತು. ಟಬ್ 18ರಿಂದ 22 ಡಿಗ್ರಿಯಲ್ಲಿ ಇರಬೇಕು. ನಾಲ್ಕು ನಾಬ್‌ಗೆ ಚಿಂತೆ ಇಲ್ಲ. ದೊಡ್ಡ ಪ್ಯಾನೆಲ್ ಮಾಡುವಾಗ ನೋಡಿ: 10 ಆಂಪಿಯರ್, 15 ವೋಲ್ಟ್ ಅಂದರೆ 150 ವ್ಯಾಟ್. 40 ನಿಮಿಷ ಐದು ಲೀಟರ್ ಟಬ್‌ಗೆ ಅಷ್ಟು ಬಿಸಿ ಕೊಟ್ಟರೆ 18 ಡಿಗ್ರಿಯಷ್ಟು ಏರುತ್ತದೆ. 20ರಿಂದ ಶುರುವಾದದ್ದು 38ಕ್ಕೆ ಹೋಗಿ ಕೂತಿರುತ್ತದೆ. ಬಿಸಿ ಆಸಿಡ್ ಆಕ್ಸೈಡನ್ನು ಬೇಗ ಕರಗಿಸುತ್ತದೆ. ಪದರ ಮೆತ್ತಗಾಗಿ, ಬೆರಳು ತಿಕ್ಕಿದರೆ ಬಿಳಿ ಪುಡಿ ಬರುತ್ತದೆ. ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಬಾಟಲಿಗಳನ್ನು ಟಬ್‌ನಲ್ಲಿ ತೇಲಿಬಿಡಿ. ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪ್ ಬಿಟ್ಟರೆ ಆಸಿಡ್ ಕಲಕುತ್ತಾ ಇರುತ್ತದೆ, ಪೀಸ್ ಪಕ್ಕದಲ್ಲೇ ಬಿಸಿ ನಿಲ್ಲಲ್ಲ.

ಇನ್ನೊಂದು. ನೀವು ಒಂದಕ್ಕೆ ಎರಡು ಅಂತ ತೆಳು ಮಾಡಿದ್ದೀರಿ. ಬ್ಯಾಟರಿ ಆಸಿಡ್‌ನಲ್ಲಿ ಸಲ್ಫ್ಯೂರಿಕ್ ಶೇಕಡಾ 35ರಷ್ಟು ಇರುತ್ತದೆ. ಒಂದು ಲೀಟರ್‌ಗೆ ಒಂದೂ ಮುಕ್ಕಾಲು ಲೀಟರ್ ನೀರು ಹಾಕಿದರೆ ತೂಕದಲ್ಲಿ ಶೇಕಡಾ 15 ಆಗುತ್ತದೆ. ನಿಮ್ಮದು ಸ್ವಲ್ಪ ತೆಳು, ನಡೆಯುತ್ತದೆ.

ನಾಬ್_ಪ್ರಿಯ:
ಧನ್ಯವಾದ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಕುವ ಮೊದಲು ತೊಳೆಯೋದು ಹೇಗೆ? ಕಾಸ್ಟಿಕ್ ಸೋಡಾದಲ್ಲಿ ಅದ್ದಬೇಕು ಅಂತಾರಲ್ಲ.

ಲೇತ್_ಮಾವ:
ನಿಮಗೆ ಮ್ಯಾಟ್ ಫಿನಿಶ್ ಬೇಕಿದ್ದರೆ, ಇಲ್ಲವೇ ಹಳೇ ಆನೋಡೈಸಿಂಗ್ ತೆಗೆಯಬೇಕಿದ್ದರೆ ಮಾತ್ರ ಕಾಸ್ಟಿಕ್. ಲೀಟರ್‌ಗೆ 50 ಗ್ರಾಂ, 50 ಡಿಗ್ರಿ ಬಿಸಿ, ಒಂದು ನಿಮಿಷ. ಜಾಸ್ತಿ ಹೊತ್ತು ಬಿಟ್ಟರೆ ಅಳತೆ ಕಳೆದುಹೋಗುತ್ತದೆ, ಲೋಹವನ್ನೇ ತಿನ್ನುತ್ತದೆ ಅದು. ಅದರಿಂದ ತೆಗೆದಾಗ ಪೀಸ್ ಮೇಲೆ ಕಪ್ಪು ಮಸಿ ಕೂತಿರುತ್ತದೆ. ಕಾಸ್ಟಿಕ್‌ನಲ್ಲಿ ಕರಗದ ತಾಮ್ರ, ಸಿಲಿಕಾನ್, ಕಬ್ಬಿಣ ಎಲ್ಲ ಅದು. ಕಾರ್ಖಾನೆಯಲ್ಲಿ ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿ ಮಸಿ ತೆಗೆಯುತ್ತಾರೆ. ಮನೆಗೆ ನೈಟ್ರಿಕ್ ತರಬೇಡಿ, ಅದರ ಹೊಗೆ ಒಳ್ಳೆಯದಲ್ಲ.

ಲೇತ್‌ನಿಂದ ಇಳಿದ 6061 ನಾಬ್‌ಗೆ ಇದ್ಯಾವುದೂ ಬೇಡ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಷ್. ಉಜ್ಜಿ ತೊಳೆದು ಎತ್ತಿ ಹಿಡಿಯಿರಿ. ನೀರು ಇಡೀ ಮೈಮೇಲೆ ಒಂದೇ ಪರದೆಯಾಗಿ ಇಳಿದರೆ ಶುದ್ಧ. ಹನಿ ಹನಿಯಾಗಿ ಒಡೆದು ನಿಂತರೆ ಇನ್ನೂ ಎಣ್ಣೆ ಇದೆ, ಮತ್ತೆ ಉಜ್ಜಿ. ಆಮೇಲೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಬೆರಳಚ್ಚು ಕಪ್ಪು ಬಣ್ಣದಲ್ಲಿ ಪೊಲೀಸರಿಗೆ ಕೊಡುವಷ್ಟು ಸ್ಪಷ್ಟ ಬರುತ್ತದೆ.

ತಿರುಪು:
ಹ್ಹಹ್ಹ, ಮಾವ.

ರಸಾಯನ_ರಾಣಿ:
ಡೈ ಬಗ್ಗೆಯೂ ಹೇಳಿಬಿಡುತ್ತೇನೆ. ಬಟ್ಟೆಯ ಡೈ ಕೆಲವು ಹಿಡಿಯುತ್ತವೆ, ಕೆಲವು ಇಲ್ಲ. ಉಣ್ಣೆ, ರೇಷ್ಮೆಗೆ ಹಾಕುವ ಆಸಿಡ್ ಡೈ ಜಾತಿಯವು ಸಾಮಾನ್ಯವಾಗಿ ಹಿಡಿಯುತ್ತವೆ. ಆದರೆ ಬಿಸಿಲಿಗೆ ಬೇಗ ಮಾಸುತ್ತವೆ. ಬಟ್ಟೆಯ ಕಪ್ಪು ಡೈ ಹಲವು ಬಣ್ಣಗಳ ಮಿಶ್ರಣ ಆಗಿರೋದು ಜಾಸ್ತಿ. ಒಂದು ಬಣ್ಣ ಬೇಗ ಒಳಗೆ ಹೋಗಿ ಇನ್ನೊಂದು ಹಿಂದೆ ಬಿದ್ದರೆ ನೇರಳೆ ಛಾಯೆ ಬರುತ್ತದೆ. ಮನೆಯೊಳಗಿರುವ ಆಂಪ್ಲಿಫೈಯರ್‌ಗೆ ಪರವಾಗಿಲ್ಲ. ಸೈಕಲ್ ಭಾಗಕ್ಕಾದರೆ ಆನೋಡೈಸಿಂಗ್‌ನ ಡೈಯನ್ನೇ ತನ್ನಿ.

ಡೈ 50ರಿಂದ 60 ಡಿಗ್ರಿ ಬಿಸಿ ಇರಲಿ, 10-15 ನಿಮಿಷ. ಅದಕ್ಕಿಂತ ಬಿಸಿ ಮಾಡಿದರೆ ಬಣ್ಣ ಒಳಗೆ ಹೋಗುವ ಮೊದಲೇ ರಂಧ್ರ ಮುಚ್ಚಲು ಶುರುವಾಗುತ್ತದೆ. ಆಸಿಡ್‌ನಿಂದ ತೆಗೆದು ತೊಳೆದ ಮೇಲೆ ಪೀಸ್ ಒಣಗಲು ಬಿಡಬೇಡಿ. ನೇರ ಡೈಗೆ.

ನಾಬ್_ಪ್ರಿಯ:
ಸುದ್ದಿ: ನಾಲ್ಕು ನಾಬ್, ನಾಲ್ಕೂ ಒಂದೇ ಕಪ್ಪು! ಬೀಪ್ ಯಾವುದರಲ್ಲೂ ಇಲ್ಲ. ಪವರ್ ಸಪ್ಲೈ ಸ್ನೇಹಿತರಿಂದ ತಂದಿದ್ದೆ. ಮಧ್ಯೆ ಒಮ್ಮೆ ವೋಲ್ಟೇಜ್ ಮೇಲಕ್ಕೆ ಹೋಯಿತು, ನೀವು ಹೇಳಿದ ಹಾಗೆಯೇ. ಆಫ್ ಮಾಡಿ ನೋಡಿದರೆ ಒಂದು ವೈರ್ ಸಡಿಲ ಆಗಿತ್ತು. ಹೊಸ ವೈರ್ ಬಿಗಿ ಮಾಡಿ ಮುಂದುವರಿಸಿದೆ.

ಈಗ ಎರಡು ಹೊಸ ಅನುಮಾನ. ಒಂದು ನಾಬ್‌ನಲ್ಲಿ ಗ್ರಬ್ ಸ್ಕ್ರೂ (ನಾಬನ್ನು ಶಾಫ್ಟ್‌ಗೆ ಬಿಗಿಯುವ ತಲೆಯಿಲ್ಲದ ಸ್ಕ್ರೂ) ತೂತಿನಿಂದ ಕೆಳಕ್ಕೆ ಬಿಳಿಚಿದ ಗೆರೆ ಇದೆ, ಕಣ್ಣೀರು ಇಳಿದ ಹಾಗೆ. ಇನ್ನೊಂದು, ಶಾಫ್ಟ್ ಮೊದಲು ಸಲೀಸಾಗಿ ಹೋಗುತ್ತಿತ್ತು, ಈಗ ಬಿಗಿ.

ಮಿಲಿಆಂಪ್:
ಗೆರೆ ಆಸಿಡ್‌ದು. ಸಣ್ಣ ತೂತಿನೊಳಗೆ ಆಸಿಡ್ ಉಳಿದುಕೊಂಡು ಡೈ ಹಾಕುವಾಗ ಹೊರಗೆ ಜಿನುಗಿದೆ. ಹರಿದ ಕಡೆ ಬಣ್ಣ ಹಿಡಿಯಲಿಲ್ಲ. ಮುಂದಿನ ಸಲ ಸಿರಿಂಜ್‌ನಲ್ಲಿ ನೀರು ತುಂಬಿ ತೂತಿನೊಳಗೆ ಬಿಡಿ, ಆಮೇಲೆ ಅಡುಗೆ ಸೋಡಾದ ನೀರು, ಮತ್ತೆ ಡಿಸ್ಟಿಲ್ಡ್ ವಾಟರ್.

ಲೇತ್_ಮಾವ:
ಬಿಗಿ ಆಗಲೇಬೇಕಲ್ಲ. ಪದರದ ಮೂರನೇ ಎರಡು ಪಾಲು ಲೋಹದ ಒಳಕ್ಕೆ, ಒಂದು ಪಾಲು ಹೊರಕ್ಕೆ ಬೆಳೆಯುತ್ತದೆ. 15 ಮೈಕ್ರಾನ್ ಪದರ ಅಂದರೆ ಗೋಡೆ 5 ಮೈಕ್ರಾನ್ ಮುಂದೆ ಬರುತ್ತದೆ. ತೂತಿನ ಎರಡೂ ಕಡೆ ಸೇರಿ ವ್ಯಾಸ 10 ಮೈಕ್ರಾನ್ ಕಡಿಮೆ. ಬಿಗಿ ಫಿಟ್ ಇರುವ ಕಡೆ ಬೋರ್ ಮಾಡುವಾಗಲೇ ಇದನ್ನು ಸೇರಿಸಿಕೊಳ್ಳಿ. ದಾರದಲ್ಲಿ ಇನ್ನೂ ಜಾಸ್ತಿ ಗೊತ್ತಾಗುತ್ತದೆ. 60 ಡಿಗ್ರಿ ದಾರದ ಇಳಿಜಾರಿನಿಂದಾಗಿ ಪಿಚ್ ವ್ಯಾಸ (ದಾರದ ಹಲ್ಲಿನ ನಡುಮಟ್ಟದಲ್ಲಿ ಅಳೆಯುವ ವ್ಯಾಸ) ಗೋಡೆ ಮುಂದೆ ಬಂದದ್ದರ ನಾಲ್ಕು ಪಟ್ಟು ಬದಲಾಗುತ್ತದೆ, ಅಂದರೆ 20 ಮೈಕ್ರಾನ್. ಈಗ ಆಗಿದ್ದಕ್ಕೆ ರೀಮರ್ (ತೂತನ್ನು ಕೊಂಚ ಹೆರೆದು ಅಗಲ ಮಾಡುವ ಟೂಲ್) ಒಮ್ಮೆ ತಿರುಗಿಸಿ, ಒಳಗಡೆ ತಾನೇ, ಯಾರಿಗೂ ಕಾಣಲ್ಲ. ಆದರೆ ಈ ಪದರ ಟೂಲಿನ ಬಾಯಿ ಬೇಗ ಮೊಂಡು ಮಾಡುತ್ತದೆ, ಒಳ್ಳೇ ರೀಮರ್ ಹಾಳು ಮಾಡಿಕೊಳ್ಳಬೇಡಿ.

ಸುಮ್ನೆ_ಕೇಳಿದೆ:
ಇದೇ ಟಬ್‌ನಲ್ಲಿ ಟೈಟಾನಿಯಂ ಉಂಗುರ ಹಾಕಬಹುದಾ? ಬಣ್ಣ ಬಣ್ಣ ಬರುತ್ತಂತೆ.

ಮಿಲಿಆಂಪ್:
ಅದಕ್ಕೆ ಡೈಯೇ ಬೇಡ. ಟೈಟಾನಿಯಂ ಮೇಲಿನ ಆಕ್ಸೈಡ್ ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ಬೆಳಕು ಬೇರೆ ಬೇರೆ ಬಣ್ಣ ತೋರಿಸುತ್ತದೆ. ದಪ್ಪವನ್ನು ನಿರ್ಧರಿಸುವುದು ವೋಲ್ಟೇಜ್. 30 ವೋಲ್ಟ್ ಆಸುಪಾಸು ತಿಳಿ ನೀಲಿ, 60ರ ಹತ್ತಿರ ಚಿನ್ನದ ಹಳದಿ. ಅಡುಗೆ ಸೋಡಾ ಕರಗಿಸಿದ ನೀರಲ್ಲೂ ಆಗುತ್ತದೆ. ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ನಾಬ್_ಪ್ರಿಯ:
ಸೀಲಿಂಗ್ ಎಷ್ಟು ಹೊತ್ತು? ಕುದಿಯುವ ನೀರಿಗೆ ಹಾಕಿದ ಕೂಡಲೇ ಬಣ್ಣ ಸ್ವಲ್ಪ ಬಿಡುವ ಹಾಗೆ ಕಾಣಿಸಿತು, ಹೆದರಿ ಬೇಗ ತೆಗೆದುಬಿಟ್ಟೆ.

ರಸಾಯನ_ರಾಣಿ:
ಸ್ವಲ್ಪ ಬಿಡುವುದು ಸಹಜ. ಮೈಕ್ರಾನ್‌ಗೆ 2ರಿಂದ 3 ನಿಮಿಷ ಅಂತ ಲೆಕ್ಕ. 15 ಮೈಕ್ರಾನ್‌ಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ನೀರು 96 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಡಿಸ್ಟಿಲ್ಡ್ ವಾಟರೇ ಆಗಬೇಕು. ನಲ್ಲಿ ನೀರಿನಲ್ಲಿರುವ ಸಿಲಿಕೇಟ್, ಫಾಸ್ಫೇಟ್ ಸೀಲಿಂಗ್ ಆಗದ ಹಾಗೆ ತಡೆಯುತ್ತವೆ. ಬಣ್ಣ ಬಿಡುವುದು ತೀರಾ ಜಾಸ್ತಿ ಅನ್ನಿಸಿದರೆ ನೀರಿನೊಳಗೆ ಹಾಕದೆ ಮೇಲೆ ತಟ್ಟೆಯಲ್ಲಿಟ್ಟು ಆವಿಯಲ್ಲಿ ಬೇಯಿಸಿ. ಆ ಪಾತ್ರೆ ಆಮೇಲೆ ಅಡುಗೆಮನೆಗೆ ವಾಪಸ್ ಹೋಗಕೂಡದು. ನಿಕ್ಕೆಲ್ ಅಸಿಟೇಟ್ ಹಾಕಿ ಸೀಲ್ ಮಾಡುವ ವಿಧಾನವೂ ಇದೆ, ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಆದರೆ ನಿಕ್ಕೆಲ್ ಲವಣ ಮನೆಯಲ್ಲಿ ಆಡುವ ವಸ್ತು ಅಲ್ಲ.

ಸೀಲ್ ಆಗಿದೆಯಾ ಅಂತ ನೋಡಲು ಒಳಗಿನ ಮೂಲೆಯಲ್ಲಿ ಮಾರ್ಕರ್ ಪೆನ್‌ನಿಂದ ಒಂದು ಗೆರೆ ಎಳೆದು ಒರೆಸಿ. ಪೂರ್ತಿ ಹೋದರೆ ಆಗಿದೆ. ಕಲೆ ಉಳಿದರೆ ಮತ್ತೆ ಕುದಿಸಿ. ಕಪ್ಪು ಪೀಸ್ ಮೇಲೆ ಗೆರೆ ಕಾಣಲು ಬಿಳಿಚಿದ ಜಾಗ ಬೇಕು, ನಿಮ್ಮ ಕಣ್ಣೀರಿನ ನಾಬ್ ಇದೆಯಲ್ಲ, ಅದರ ಮೇಲೆ ನೋಡಿ.

ನಾಬ್_ಪ್ರಿಯ:
ಕಲೆ ಉಳಿಯಿತು ಮೇಡಂ. ನಾಲ್ಕನ್ನೂ ಮತ್ತೆ ಕುದಿಯಲು ಇಟ್ಟಿದ್ದೇನೆ. ಕೊನೇ ಪ್ರಶ್ನೆ, ಆಸಿಡ್ ಚೆಲ್ಲಬೇಕಾ?

ರಸಾಯನ_ರಾಣಿ:
ಯಾಕೆ ಚೆಲ್ಲುತ್ತೀರಿ? ಬಹಳ ದಿನ ಬರುತ್ತದೆ. ಕರಗಿದ ಅಲ್ಯೂಮಿನಿಯಂ ಸ್ವಲ್ಪ ಸೇರಿದ ಆಸಿಡ್ ಹೊಸದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲೀಟರ್‌ಗೆ 20 ಗ್ರಾಂ ಮೀರಿದಾಗ ತೊಂದರೆ. ನಾಬ್ ಲೆಕ್ಕದಲ್ಲಿ ಅಲ್ಲಿಗೆ ತಲುಪಲು ನಿಮಗೆ ಬಹಳ ಕಾಲ ಬೇಕು. ನಿಮ್ಮದರಲ್ಲಿ ಕ್ಲಿಪ್‌ನ ಕಬ್ಬಿಣ ಸ್ವಲ್ಪ ಸೇರಿದೆ, ಆದರೂ ಈ ನಾಲ್ಕು ನಾಬ್ ಚೆನ್ನಾಗಿ ಬಂದಿವೆ. ಸದ್ಯಕ್ಕೆ ಇಟ್ಟುಕೊಳ್ಳಿ.

ಯಾವತ್ತೋ ಒಂದು ದಿನ ಬಿಡಬೇಕಾದಾಗ, ದೊಡ್ಡ ಬಕೆಟ್‌ನಲ್ಲಿ ನೀರು ತುಂಬಿ ಅದಕ್ಕೆ ಆಸಿಡ್ ಹಾಕಿ, ಆಮೇಲೆ ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ. ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಬಕೆಟ್ ದಾಟುತ್ತದೆ. ಉಕ್ಕುವುದು ನಿಂತು, ಪಿಎಚ್ ಪೇಪರ್ 7ರ ಹತ್ತಿರ ತೋರಿಸಬೇಕು. ಬಿಳಿ ಲೋಳೆ ತಳಕ್ಕೆ ಕೂರುತ್ತದೆ, ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅದನ್ನು ಸೋಸಿ ತೆಗೆದು, ನಿಮ್ಮ ಕಡೆ ರಾಸಾಯನಿಕ ಕಸಕ್ಕೆ ಇರುವ ನಿಯಮದ ಪ್ರಕಾರ ಕೊಡಿ.

ಅಲ್ಲಿಯವರೆಗೆ ದಪ್ಪ ಪ್ಲಾಸ್ಟಿಕ್ ಕ್ಯಾನ್, ಗಾಳಿ ಹೋಗುವ ಮುಚ್ಚಳ. ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ಯಾವ ಕಾರಣಕ್ಕೂ ತುಂಬಿಡಬೇಡಿ.

ನಾಬ್_ಪ್ರಿಯ:
ಬ್ಯಾಟರಿ ಆಸಿಡ್ ಬಂದ ಕ್ಯಾನೇ ಇದೆ, ಅದಕ್ಕೇ ತುಂಬುತ್ತೇನೆ. ಅದರ ಮೇಲೆ "ತೆಳು ಮಾಡಿದ್ದು, ಶೇಕಡಾ 13" ಅಂತಲೂ ಬರೆದಿಟ್ಟರೆ ಮುಂದಿನ ಸಲ ಲೆಕ್ಕಕ್ಕೆ ಅನುಕೂಲ ಅಲ್ವಾ?

ಮಿಲಿಆಂಪ್:
ಬರೆಯಿರಿ. ಆದರೆ ಹಳೇ ಲೇಬಲ್ ಕಿತ್ತು ಆಮೇಲೆ ಬರೆಯಿರಿ, ಇಲ್ಲದಿದ್ದರೆ ಯಾರಾದರೂ ಅದನ್ನೇ ಬ್ಯಾಟರಿಗೆ ಸುರಿಯುತ್ತಾರೆ.